ತಿಳಿದದ್ದು ತಲೆಯಲ್ಲಿ, ಸೊಳ್ಳೆ ತೊಟ್ಟಿಯಲ್ಲಿ

1883ರ ಬೆಂಗಳೂರು ದಂಡು ಪ್ರದೇಶ. ಹಂಗಾಮಿ ಸೇನಾ ವೈದ್ಯನಾಗಿ ಬಂದಿದ್ದ ಇಪ್ಪತ್ತಾರರ ತರುಣನಿಗೆ ಊರು ಹಿಡಿಸಿತು, ಬಂಗಲೆಯೂ ಹಿಡಿಸಿತು. ಹಿಡಿಸದೇ ಹೋದದ್ದು ಸೊಳ್ಳೆಗಳ ಕಾಟ. ಎಲ್ಲಿಂದ ಬರುತ್ತವೆ ಇವು ಎಂದು ಹುಡುಕುತ್ತ ಹೋದಾಗ ಕಿಟಕಿಯ ಹೊರಗೇ ಇದ್ದ ನೀರಿನ ತೊಟ್ಟಿ ಕಣ್ಣಿಗೆ ಬಿತ್ತು. ಅದರ ತುಂಬ ಸೊಳ್ಳೆಯ ಮರಿಗಳು. ತೊಟ್ಟಿಯನ್ನು ಬೋರಲು ಹಾಕಿದ್ದೇ ತಡ, ಕೋಣೆಯ ಸೊಳ್ಳೆಗಳು ಬಹುಮಟ್ಟಿಗೆ ಮಾಯವಾದವು.

ಹಿರಿಹಿರಿ ಹಿಗ್ಗಿದ ತರುಣ ಮೇಲಧಿಕಾರಿಯ ಬಳಿಗೆ ಓಡಿದ. ಸೇನಾಧಿಕಾರಿಗಳ ಭೋಜನಗೃಹದಲ್ಲೂ ಇದೇ ಉಪಾಯ ಮಾಡಬಹುದೆಂದ. ಅಲ್ಲಿ ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಇರುವೆ ಹತ್ತದಂತೆ ಊಟದ ಮೇಜಿನ ಕಾಲುಗಳಡಿ ಇಟ್ಟ ನೀರಿನ ಡಬ್ಬಿಗಳಲ್ಲಿ ಸೊಳ್ಳೆಗಳು ಮರಿ ಮಾಡುತ್ತಿದ್ದವು. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೆಂದೇ ಸೃಷ್ಟಿಸಿರುವಾಗ ಅದನ್ನು ಸಹಿಸಿಕೊಳ್ಳುವುದೇ ಮನುಷ್ಯನ ಕರ್ತವ್ಯ ಎಂಬುದು ಆತನ ನಿಲುವಾಗಿತ್ತು.

ಆ ತರುಣನ ಹೆಸರು ರೊನಾಲ್ಡ್ ರಾಸ್. ಹದಿನಾಲ್ಕು ವರ್ಷಗಳ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡವನು. 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವನು. ಆದರೆ ಬೆಂಗಳೂರಿನ ಆ ತೊಟ್ಟಿಯ ಪ್ರಸಂಗದಲ್ಲಿ ಇರುವ ಪಾಠವೂ ಸಣ್ಣದಲ್ಲ. ಸೊಳ್ಳೆ ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತಾಗಿತ್ತು. ಅದನ್ನು ತಡೆಯುವ ಉಪಾಯವೂ ಗೊತ್ತಾಗಿತ್ತು. ಆದರೂ ಡಬ್ಬಿಯ ನೀರನ್ನು ಚೆಲ್ಲಲು ಒಬ್ಬರೂ ಮುಂದಾಗಲಿಲ್ಲ.

ಡೆಂಗಿ ಜ್ವರದ ಮಟ್ಟಿಗೆ ನಮ್ಮ ಮನೆಗಳ ಪರಿಸ್ಥಿತಿ ಇಂದಿಗೂ ಇದೇ. ಡೆಂಗಿ ಹೇಗೆ ಬರುತ್ತದೆ ಎಂದು ಏಳನೇ ತರಗತಿಯ ಹುಡುಗನನ್ನು ಕೇಳಿ, ಸೊಳ್ಳೆಯಿಂದ ಎಂದು ಥಟ್ಟನೆ ಹೇಳುತ್ತಾನೆ. ತಾಯಿಯನ್ನು ಕೇಳಿದರೆ ನೀರು ನಿಲ್ಲಬಾರದು ಎನ್ನುತ್ತಾರೆ. ಅದೇ ಮನೆಯ ಹಿತ್ತಿಲಿಗೆ ಹೋಗಿ ನೋಡಿದರೆ ಒರಳುಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತಿರುತ್ತದೆ. ಮನೆಮನೆಯ ತಿಳಿವಳಿಕೆ, ಮನೋಭಾವ, ರೂಢಿ ಈ ಮೂರನ್ನೂ ಅಳೆಯುವ ಸಮೀಕ್ಷೆಗಳು ಹಲವು ದೇಶಗಳಲ್ಲಿ ನಡೆದಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಯೆಂದರೆ, ತಿಳಿವಳಿಕೆ ಹೆಚ್ಚಿದಷ್ಟೂ ರೂಢಿ ಬದಲಾಗುತ್ತದೆ ಎಂಬ ಭರವಸೆ ಇಲ್ಲ.

ಹಗಲು ಕಚ್ಚುವ ಪಟ್ಟೆಕಾಲಿನ ಸೊಳ್ಳೆ

ಡೆಂಗಿ ಹರಡುವ ಮುಖ್ಯ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ಕಪ್ಪು ಮೈ, ಕಾಲುಗಳಿಗೆ ಬಿಳಿ ಪಟ್ಟೆ. ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಸೊಳ್ಳೆಯಲ್ಲ ಇದು. ಇದು ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುನ್ನ. ಮಕ್ಕಳು ಶಾಲೆಗೆ ಹೊರಡುವ ಹೊತ್ತು, ಶಾಲೆ ಬಿಟ್ಟು ಬಂದು ಆಡುವ ಹೊತ್ತು! ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದೆವು, ಇನ್ನು ಚಿಂತೆಯಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಇದು ಕಾಡಿನ ಸೊಳ್ಳೆಯಲ್ಲ, ಚರಂಡಿಯ ಸೊಳ್ಳೆಯೂ ಅಲ್ಲ. ಮನೆಯೊಳಗಿನ ಕತ್ತಲೆ ಮೂಲೆ, ಮಂಚದ ಅಡಿ, ಪರದೆಯ ಹಿಂಬದಿ, ಗೋಡೆಗೆ ನೇತುಹಾಕಿದ ಬಟ್ಟೆ ಇವೇ ಇದರ ವಿಶ್ರಾಂತಿಯ ಜಾಗ. ಸಾಮಾನ್ಯವಾಗಿ ಹುಟ್ಟಿದಲ್ಲಿಂದ ನೂರಿನ್ನೂರು ಮೀಟರಿಗಿಂತ ಬಹಳ ದೂರ ಹೋಗುವುದಿಲ್ಲ. ಎಂದರೆ ನಿಮ್ಮ ಮನೆಯಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಹುಟ್ಟಿರುವುದು ನಿಮ್ಮ ಮನೆಯಲ್ಲೋ ಆಚೀಚೆ ಮನೆಯಲ್ಲೋ ಎಂದೇ ತಿಳಿಯಬೇಕು.

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ, ಅದೂ ಮೊಟ್ಟೆಗಳಿಗಾಗಿ. ಸ್ವಲ್ಪ ಅಲುಗಿದರೂ ಹಾರಿಹೋಗಿ ಇನ್ನೊಬ್ಬರನ್ನು ಕಚ್ಚುತ್ತದೆ. ಒಂದೇ ಮನೆಯ ಮೂರು ನಾಲ್ಕು ಮಂದಿ ಒಟ್ಟಿಗೆ ಹಾಸಿಗೆ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಮೊಟ್ಟೆ ಇಡುವ ರೀತಿಯಲ್ಲಿ ಈ ಸೊಳ್ಳೆಯ ಚಾಣಾಕ್ಷತನ ಅಡಗಿದೆ. ನೀರಿನ ಮೇಲೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಯ ತೇವದಲ್ಲಿ ಅಂಟಿಸುತ್ತದೆ. ನೀರು ಒಣಗಿದರೂ ಈ ಮೊಟ್ಟೆಗಳು ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಕಾದಿದ್ದು, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ಬೇಸಿಗೆಯಲ್ಲಿ ಬರಿದಾಗಿ ಮೂಲೆಗೆ ಸೇರಿದ್ದ ಡ್ರಮ್ಮಿಗೆ ಮೊದಲ ಮಳೆಯ ನೀರು ಬಿದ್ದ ಹತ್ತೇ ದಿನಗಳಲ್ಲಿ ಸೊಳ್ಳೆ ಏಳುವುದು ಹೀಗೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಮೈಯನ್ನು ನಾರಿನಿಂದಲೋ ಬ್ರಷ್ಷಿನಿಂದಲೋ ಉಜ್ಜಿ ತೊಳೆಯಬೇಕು. ಈ ಒಂದು ಮಾತು ಗೊತ್ತಿರುವ ಮನೆಗಳು ಕಡಿಮೆ.

ಮೊಟ್ಟೆಯಿಂದ ರೆಕ್ಕೆ ಬಂದು ಹಾರುವವರೆಗೆ ಏಳರಿಂದ ಹತ್ತು ದಿನ ಸಾಕು. ಡೆಂಗಿ ರೋಗಿಯ ರಕ್ತ ಹೀರಿದ ಸೊಳ್ಳೆ ಸುಮಾರು ಎಂಟರಿಂದ ಹನ್ನೆರಡು ದಿನಗಳ ನಂತರ ರೋಗ ಹರಡುವ ಶಕ್ತಿ ಪಡೆಯುತ್ತದೆ. ಆಮೇಲೆ ಬದುಕಿರುವಷ್ಟು ಕಾಲವೂ ಅದು ವೈರಸ್ಸನ್ನು ಹೊತ್ತು ತಿರುಗುತ್ತದೆ.

ಮಲೆನಾಡು, ಕರಾವಳಿಯ ತೋಟಗಳಲ್ಲಿ ಇದರ ದಾಯಾದಿ ಇದೆ, ಈಡಿಸ್ ಆಲ್ಬೊಪಿಕ್ಟಸ್. ಬಿದ್ದ ಅಡಕೆ ಹಾಳೆ, ತೆಂಗಿನ ಕರಟ, ಎಳನೀರು ಕುಡಿದು ಎಸೆದ ಬುರುಡೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಮರದ ಪೊಟರೆ ಎಲ್ಲವೂ ಅದಕ್ಕೆ ತೊಟ್ಟಿಲೇ.

‘ನಮ್ಮನೇಲಿ ಏನೂ ಇಲ್ಲಮ್ಮ’

ತಿಳಿವಳಿಕೆಯ ಮಾತಾಯಿತು. ಇನ್ನು ಮನೋಭಾವ. ಆಶಾ ಕಾರ್ಯಕರ್ತೆ ಗೇಟಿನ ಬಳಿ ನಿಂತು ‘ಅಕ್ಕಾ, ತೊಟ್ಟಿ ನೋಡ್ಬೇಕಿತ್ತು’ ಎಂದರೆ ಒಳಗಿನಿಂದ ಬರುವ ಉತ್ತರ ಬಹುತೇಕ ಒಂದೇ: ‘ನಮ್ಮನೇಲಿ ಏನೂ ಇಲ್ಲಮ್ಮ, ಎಲ್ಲಾ ಕ್ಲೀನಾಗಿದೆ. ಮೊದಲು ಆ ಮೋರಿ ನೋಡಿ.’

ಮೋರಿಯ ಬಗ್ಗೆ ದೂರು ಸುಳ್ಳಲ್ಲ. ಆದರೆ ಕೊಳಚೆ ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಅದು ಆನೆಕಾಲು ರೋಗ ಹರಡಬಲ್ಲದು, ಡೆಂಗಿ ಹರಡುವುದಿಲ್ಲ. ಈಡಿಸ್ ಆರಿಸಿಕೊಳ್ಳುವುದು ಬಹುಮಟ್ಟಿಗೆ ತಿಳಿನೀರನ್ನೇ. ದೇವರ ಮನೆಯಷ್ಟು ಚೊಕ್ಕಟವಾಗಿರುವ ಮನೆಯಲ್ಲೂ ಮನಿ ಪ್ಲಾಂಟ್ ಇಟ್ಟ ಬಾಟಲಿಯಲ್ಲಿ ಅದರ ಮರಿಗಳು ಸಿಗಬಹುದು. ಇದು ಗೃಹಿಣಿಯ ಕೊಳಕುತನದ ಗುರುತಲ್ಲ. ಆದರೆ ನಮ್ಮಲ್ಲಿ ತೊಟ್ಟಿಯಲ್ಲಿ ಹುಳು ಸಿಕ್ಕಿತು ಎಂದರೆ ಮಾನ ಹೋದಂತೆ. ಆ ಸಂಕೋಚಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತದೆ, ತೊಟ್ಟಿ ಹಾಗೇ ಉಳಿಯುತ್ತದೆ.

ಎರಡನೆಯದು ಹೊಗೆಯ ಮೇಲಿನ ನಂಬಿಕೆ. ಬೀದಿಯಲ್ಲಿ ಹೊಗೆಯ ಯಂತ್ರ ಸದ್ದು ಮಾಡುತ್ತ ಹೋದರೆ ಜನಕ್ಕೆ ಸಮಾಧಾನ, ಬಾರದಿದ್ದರೆ ಸಿಟ್ಟು. ಹೊಗೆ ಸಾಯಿಸುವುದು ಆ ಗಳಿಗೆಯಲ್ಲಿ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ಡ್ರಮ್ಮಿನೊಳಗೆ ಈಜಾಡುವ ಮರಿಗಳಿಗೆ ಅದರ ಬಿಸಿ ತಟ್ಟುವುದೇ ಇಲ್ಲ. ಹೊಗೆ ಬರುವಾಗ ಕಿಟಕಿ ಬಾಗಿಲು ಭದ್ರಪಡಿಸಿದರಂತೂ ಮಂಚದಡಿ ಕುಳಿತ ಸೊಳ್ಳೆಗೂ ಅಪಾಯವಿಲ್ಲ. ರೋಗ ಹಬ್ಬಿದಾಗ ಹೊಗೆಗೆ ತಕ್ಕಮಟ್ಟಿನ ಉಪಯೋಗವಿದೆ, ತೊಟ್ಟಿ ತೊಳೆಯುವ ಕೆಲಸವನ್ನು ಅದು ಮಾಡದು.

ಮೂರನೆಯದು, ‘ನಾವೊಬ್ಬರು ಮಾಡಿದರೆ ಏನು ಬಂತು, ಪಕ್ಕದ ಖಾಲಿ ಸೈಟು ನೋಡಿ’ ಎಂಬ ನಿರಾಸೆ. ಪಕ್ಕದ ಸೈಟಿನ ಟೈರಿಗೆ ಪುರಸಭೆಗೆ ದೂರು ಕೊಡಲೇಬೇಕು. ಆದರೆ ನಿಮ್ಮ ಹೂಕುಂಡದ ತಟ್ಟೆಯಲ್ಲಿ ಹುಟ್ಟಿದ ಸೊಳ್ಳೆಗೆ ಎಲ್ಲರಿಗಿಂತ ಹತ್ತಿರ ಸಿಗುವುದು ನಿಮ್ಮ ಮಗುವಿನ ಕಾಲು!

ಇಂಥ ಉದಾಸೀನಕ್ಕೆ ಈಗ ಕಾನೂನಿನ ಬಿಸಿಯೂ ತಟ್ಟಿದೆ. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಪ್ರಕರಣಗಳು 25 ಸಾವಿರ ದಾಟಿದಾಗ, ಆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದು ಆಗ ಗೊತ್ತುಪಡಿಸಲಾಯಿತು. ಕಟ್ಟಡ ಕಟ್ಟುವ ಜಾಗಗಳಿಗೆ ಇನ್ನೂ ಹೆಚ್ಚು. ಆದರೆ ದಂಡಕ್ಕೆ ಹೆದರಿ ಒಂದು ದಿನ ತೊಳೆದ ತೊಟ್ಟಿ ಮುಂದಿನ ವಾರ ಹಾಗೇ ಉಳಿದರೆ ಲಾಭವೇನು?

ನೀರಿಲ್ಲದ ಊರಿನಲ್ಲೂ ಡೆಂಗಿ

ಡೆಂಗಿ ಮಳೆಗಾಲದ ಕಾಯಿಲೆ ಎಂಬುದು ಅರ್ಧ ಸತ್ಯ. ನಲ್ಲಿಯಲ್ಲಿ ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬರುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ? ಅಂಥಲ್ಲಿ ನೀರು ಬಂದ ದಿನ ಹಂಡೆ, ಕೊಡ, ಬಕೆಟ್ಟು, ಪ್ಲಾಸ್ಟಿಕ್ ಡ್ರಮ್ಮು, ಬಚ್ಚಲಿನ ಸಿಮೆಂಟು ತೊಟ್ಟಿ ಎಲ್ಲವೂ ತುಂಬುತ್ತವೆ. ಆ ನೀರು ಮುಂದಿನ ಸರದಿಯವರೆಗೆ ಬರಬೇಕು. ಸೊಳ್ಳೆ ಬೆಳೆಯಲು ಬೇಕಾದಷ್ಟೇ ದಿನಗಳು ಅವು! ಬರಗಾಲದ ಬೇಸಿಗೆಯಲ್ಲೂ ಡೆಂಗಿ ಕಾಣಿಸಿಕೊಳ್ಳುವುದರ ಗುಟ್ಟು ಇಲ್ಲಿದೆ.

ನೀರಿಗಾಗಿ ರಾತ್ರಿ ಎದ್ದು ಕಾಯುವ ತಾಯಿಗೆ ‘ಡ್ರಮ್ಮಿನ ನೀರು ಚೆಲ್ಲಿ’ ಎಂದು ಉಪದೇಶ ಮಾಡಿದರೆ ಆಕೆ ನಗದೆ ಇನ್ನೇನು ಮಾಡಿಯಾಳು? ಅಂಥ ಮನೆಗೆ ಬೇಕಾದ್ದು ಬೇರೆ ಉಪಾಯ. ತುಂಬಿದ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯದೋ ಸೀರೆಯದೋ ಬಟ್ಟೆ ಮುಚ್ಚಿ, ಅಂಚಿನ ಸುತ್ತ ಹಗ್ಗ ಬಿಗಿದು ಕಟ್ಟಬೇಕು. ಮೇಲೊಂದು ಹಲಗೆ ಇಟ್ಟರೆ ಸಂದಿಯಲ್ಲಿ ಸೊಳ್ಳೆ ನುಸುಳುತ್ತದೆ, ಕಟ್ಟಿದ ಬಟ್ಟೆಯಲ್ಲಿ ನುಸುಳದು. ನೀರು ಬರುವ ದಿನ, ನಲ್ಲಿ ತಿರುಗಿಸುವ ಮೊದಲು, ತಳದಲ್ಲಿ ಉಳಿದ ನೀರನ್ನು ಗಿಡಕ್ಕೆ ಹಾಕಿ ಒಳಮೈ ಉಜ್ಜಬೇಕು. ಹಳೆಯ ನೀರಿನ ಮೇಲೆ ಹೊಸ ನೀರು ತುಂಬುವ ಅಭ್ಯಾಸವೇ ಸೊಳ್ಳೆಗೆ ವರ.

ಸಂಪಿನ ಮುಚ್ಚಳದ ಬಿರುಕು, ಮೇಲಿನ ಟ್ಯಾಂಕಿನ ಹೆಚ್ಚುವರಿ ನೀರು ಹೋಗುವ ಕೊಳವೆಯ ಬಾಯಿ ಇವನ್ನೂ ಬಲೆಯಿಂದಲೋ ಬಟ್ಟೆಯಿಂದಲೋ ಮುಚ್ಚಬೇಕು. ಬರಿದು ಮಾಡಲು ಸಾಧ್ಯವೇ ಇಲ್ಲದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡುವುದುಂಟು, ಸೊಳ್ಳೆಯ ಮರಿಗಳೆಂದರೆ ಅವಕ್ಕೆ ಹಬ್ಬದೂಟ. ಆರೋಗ್ಯ ಸಿಬ್ಬಂದಿ ಹಾಕುವ ಟೆಮಿಫಾಸ್ ಔಷಧಕ್ಕೂ ಹೆದರಬೇಕಿಲ್ಲ. ಗೊತ್ತುಪಡಿಸಿದ ಪ್ರಮಾಣದಲ್ಲಿ ಕುಡಿಯುವ ನೀರಿಗೂ ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ.

ಶುಕ್ರವಾರದ ಹತ್ತು ನಿಮಿಷ

ರೂಢಿ ಎಂಬುದು ನೆನಪಿನಿಂದ ನಡೆಯುವಂಥದಲ್ಲ, ವಾಡಿಕೆಯಿಂದ ನಡೆಯುವಂಥದು. ಶುಕ್ರವಾರ ಬಂತೆಂದರೆ ಹೊಸ್ತಿಲು ತೊಳೆದು ರಂಗೋಲಿ ಹಾಕಬೇಕೆಂದು ನಮ್ಮ ಮನೆಗಳಲ್ಲಿ ಯಾರೂ ನೆನಪಿಸಬೇಕಾಗಿಲ್ಲ. ಅದರ ಜತೆಗೇ ಇನ್ನು ಹತ್ತು ನಿಮಿಷ ಸೇರಿಸಿದರೆ ಕೆಲಸ ಮುಗಿಯಿತು. ಶುಕ್ರವಾರವೇ ಆಗಬೇಕೆಂದಿಲ್ಲ, ಸಂತೆಯ ದಿನವಾಗಲಿ, ಭಾನುವಾರವಾಗಲಿ, ವಾರಕ್ಕೊಂದು ಗೊತ್ತಾದ ದಿನ ಇರಬೇಕು. ವಾರಕ್ಕೊಮ್ಮೆ ಏಕೆ? ಸೊಳ್ಳೆಗೆ ರೆಕ್ಕೆ ಮೂಡಲು ಏಳೆಂಟು ದಿನವಾದರೂ ಬೇಕು. ಅಷ್ಟರೊಳಗೆ ನೀರು ಚೆಲ್ಲಿದರೆ ಒಂದು ಪೀಳಿಗೆಯೇ ಹೋಯಿತು.

ಈ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸುವುದು ಒಳ್ಳೆಯದು. ಕೈಯಲ್ಲೊಂದು ಬ್ಯಾಟರಿ, ಒಂದು ನೋಟುಬುಕ್ಕು ಇದ್ದರೆ ಸಾಕು. ಬೆಳಕು ಬಿಟ್ಟು ನೋಡಿದಾಗ ನೀರಿನ ಮೇಲ್ಮೈಯಿಂದ ತಲೆಕೆಳಗಾಗಿ ನೇತಾಡುತ್ತಿರುವ, ಅಲುಗಿಸಿದರೆ ನುಲಿಯುತ್ತ ತಳಕ್ಕಿಳಿಯುವ ಸಣ್ಣ ಹುಳುಗಳೇ ಸೊಳ್ಳೆಯ ಮರಿಗಳು. ನೋಡಬೇಕಾದ ಜಾಗಗಳು ಇವು:

ಮನೆಯೊಳಗೆ: ಫ್ರಿಜ್ಜಿನ ಹಿಂದೆ ನೀರು ಬೀಳುವ ತಟ್ಟೆ, ಕೂಲರಿನ ತೊಟ್ಟಿ, ಹೂದಾನಿ, ಗಿಡ ಇಟ್ಟ ಬಾಟಲಿ, ಇರುವೆಗೆಂದು ಇಟ್ಟ ನೀರಿನ ಬಟ್ಟಲು, ಬಳಸದ ಪಾಯಖಾನೆಯ ಗುಂಡಿ.

ಹೊರಗೆ: ಹೂಕುಂಡದ ಕೆಳಗಿನ ತಟ್ಟೆ, ಒರಳುಕಲ್ಲು, ದನದ ಬಾನಿ, ಹಕ್ಕಿಗೆಂದು ಇಟ್ಟ ನೀರಿನ ಬಟ್ಟಲು, ಕರಟ, ಒಡೆದ ಮಡಕೆ, ಹಳೆಯ ಟೈರು, ವಾಹನಕ್ಕೆ ಮುಚ್ಚಿದ ಪ್ಲಾಸ್ಟಿಕ್ ಹೊದಿಕೆಯ ಮಡಿಕೆ.

ಮೇಲೆ: ತಾರಸಿಯ ಮೂಲೆ, ಸಜ್ಜೆಯ ಮೇಲೆ ನಿಂತ ನೀರು, ಟ್ಯಾಂಕಿನ ಮುಚ್ಚಳ, ಎಲೆ ಕಟ್ಟಿಕೊಂಡ ಮಳೆನೀರಿನ ದೋಣಿ.

ಹಕ್ಕಿಯ ಬಟ್ಟಲನ್ನು ತೆಗೆದುಹಾಕಬೇಕಿಲ್ಲ, ಎರಡು ದಿನಕ್ಕೊಮ್ಮೆ ಉಜ್ಜಿ ನೀರು ಬದಲಿಸಿದರಾಯಿತು. ಟೈರಿಗೆ ತೂತು ಕೊರೆಯಬಹುದು, ಇಲ್ಲವೇ ಮಣ್ಣು ತುಂಬಿ ಗಿಡ ನೆಡಬಹುದು. ಹೂಕುಂಡದ ತಟ್ಟೆಗೆ ಮರಳು ಹಾಕಬಹುದು. ಖರ್ಚಿಲ್ಲದ ಕೆಲಸಗಳಿವು. ಇದರ ಜತೆಗೆ ಹಗಲಲ್ಲಿ ಮಕ್ಕಳಿಗೆ ಮೈತುಂಬ ಬಟ್ಟೆ, ಕಿಟಕಿಗೆ ಜಾಲರಿ, ಹಗಲು ಮಲಗುವ ಹಸುಗೂಸಿಗೆ ಮತ್ತು ಮುದುಕರಿಗೆ ಸೊಳ್ಳೆಪರದೆ ಇದ್ದರೆ ಇನ್ನೂ ಕ್ಷೇಮ.

ಜ್ವರ ಬಂದಾಗ

ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಏರುವ ಜ್ವರ, ಹಣೆ ಸಿಡಿತ, ಕಣ್ಣುಗುಡ್ಡೆಗಳ ಹಿಂದೆ ನೋವು, ಕೀಲು ಮೂಳೆ ಮುರಿದಂಥ ಯಾತನೆ, ಕೆಲವರಿಗೆ ಮೈಮೇಲೆ ಕೆಂಪು ದದ್ದು. ಬಹಳ ಮಂದಿಗೆ ಇದು ವಾರದಲ್ಲಿ ವಾಸಿಯಾಗುತ್ತದೆ. ಸೋಂಕು ತಗುಲಿದರೂ ಏನೂ ಆಗದವರೇ ಹೆಚ್ಚು. ಆದರೆ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದ ಮೇಲೆ ಇನ್ನೊಂದು ಬಗೆ ತಗುಲಿದರೆ ಕಾಯಿಲೆ ಉಗ್ರವಾಗುವ ಸಾಧ್ಯತೆ ಹೆಚ್ಚು. ಹೋದ ಬಾರಿ ಸುಲಭವಾಗಿ ವಾಸಿಯಾಯಿತು ಎಂಬ ಧೈರ್ಯ ಇಲ್ಲಿ ನಡೆಯದು. 1996ರಲ್ಲಿ ದೆಹಲಿಯಲ್ಲಿ ಡೆಂಗಿ ಹಬ್ಬಿದಾಗ 10 ಸಾವಿರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿ, 400ಕ್ಕೂ ಹೆಚ್ಚು ಜನ ಸತ್ತರು.

ತಂದೆ ತಾಯಂದಿರು ಮುಖ್ಯವಾಗಿ ಎಡವುವುದು ಜ್ವರ ಇಳಿದ ದಿನ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಉಗ್ರವಾದ ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಲು ಶುರುವಾಗುವುದು ಅದೇ ಹೊತ್ತಿಗೆ. ತಡೆಯಲಾರದ ಹೊಟ್ಟೆನೋವು, ಬಿಡದ ವಾಂತಿ, ವಸಡು ಮೂಗುಗಳಲ್ಲಿ ರಕ್ತ, ಕಪ್ಪಗಿನ ಮಲ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಅಥವಾ ಚಡಪಡಿಸುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು, ಆಸ್ಪತ್ರೆಗೆ ಒಯ್ಯಬೇಕು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ರಕ್ತಸ್ರಾವ ಹೆಚ್ಚಿಸುವುದರಿಂದ ಅಂಗಡಿಯಿಂದ ತಂದು ನುಂಗಬಾರದು. ಗಂಜಿ, ಎಳನೀರು, ಓಆರ್‌ಎಸ್, ಹಣ್ಣಿನ ರಸ ಆಗಾಗ ಕೊಡುತ್ತಿರಬೇಕು. ಪಪ್ಪಾಯಿ ಎಲೆಯ ರಸ ಕುಡಿಸಿದ್ದೇವೆ ಎಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಅಪಾಯ. ಪ್ಲೇಟ್‌ಲೆಟ್ ಎಣಿಕೆ ಇಳಿಯಿತೆಂದು ಗಾಬರಿಯಾಗಿ ರಕ್ತಕ್ಕೆ ಅಲೆಯುವುದೂ ಬೇಡ. ಎಣಿಕೆಯೊಂದನ್ನೇ ನೋಡದೆ ರಕ್ತಸ್ರಾವ, ರಕ್ತದೊತ್ತಡ, ರಕ್ತದ ಗಟ್ಟಿತನ ಎಲ್ಲವನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಇನ್ನೊಂದು ಮಾತು. ಜ್ವರದ ರೋಗಿ ಹಗಲಲ್ಲೂ ಪರದೆಯೊಳಗೆ ಮಲಗಬೇಕು. ಅವನನ್ನು ಕಚ್ಚಿದ ಸೊಳ್ಳೆಯೇ ಮುಂದೆ ತಮ್ಮನನ್ನೋ ತಂಗಿಯನ್ನೋ ಕಚ್ಚುವುದು.

ಶಾಲೆಯ ಪಾಲು

ಮನೆಯ ಸೊಳ್ಳೆಯನ್ನು ಪಟ್ಟು ಹಿಡಿದು ಹತ್ತಿಕ್ಕಿದ ಊರು ಸಿಂಗಪುರ. 1960ರ ದಶಕದ ನಡುವಿನಲ್ಲಿ ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿ ಈಡಿಸ್ ಮರಿಗಳು ಸಿಗುತ್ತಿದ್ದವು. ಮನೆಮನೆ ತಪಾಸಣೆ, ತಿಳಿವಳಿಕೆ, ದಂಡ ಮೂರನ್ನೂ ಒಟ್ಟಿಗೆ ನಡೆಸಿ 1970ರ ದಶಕದಲ್ಲಿ ಅದನ್ನು ಶೇ 2ರ ಆಸುಪಾಸಿಗೆ ಇಳಿಸಿದರು. ಆದರೂ ಮುಂದೆ ಡೆಂಗಿ ಮರಳಿತು. ಹಲವು ವರ್ಷ ರೋಗ ತಗುಲದೆ ಜನರಲ್ಲಿ ನಿರೋಧಶಕ್ತಿ ಕುಗ್ಗಿದ್ದು ಒಂದು ಕಾರಣವಾದರೆ, ಮನೆಯ ಹೊರಗೆ, ಶಾಲೆ ಕಚೇರಿಗಳಲ್ಲಿ, ಸೊಳ್ಳೆ ಕಚ್ಚುತ್ತಿದ್ದುದು ಇನ್ನೊಂದು ಕಾರಣವೆಂದು ತಜ್ಞರು ಹೇಳಿದರು.

ಮಗು ಹಗಲಿನ ಬಹುಪಾಲು ಕಳೆಯುವುದು ಶಾಲೆಯಲ್ಲಿ. ಅಲ್ಲಿನ ಕುಡಿಯುವ ನೀರಿನ ಡ್ರಮ್ಮು, ಬಿಸಿಯೂಟದ ಅಡುಗೆಮನೆಯ ತೊಟ್ಟಿ, ಶೌಚಾಲಯದ ಬಕೆಟ್ಟು, ತಾರಸಿ, ಮುರಿದ ಬೆಂಚುಗಳನ್ನು ಪೇರಿಸಿದ ಮೂಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸಿಗೆ ರಜೆ ಮುಗಿದು ಬಾಗಿಲು ತೆರೆಯುವ ಹೊತ್ತಿಗೇ ಮಳೆ ಬಂದಿರುತ್ತದೆ. ಆ ಮೊದಲ ವಾರ ಒಂದು ಸುತ್ತು ಹಾಕಿ ನೋಡುವ ಶಾಲೆ ಎಷ್ಟೋ ಮಕ್ಕಳನ್ನು ಜ್ವರದಿಂದ ಉಳಿಸೀತು.

ವಿಯೆಟ್ನಾಮಿನ ಹಳ್ಳಿಗಳಲ್ಲಿ ಶಾಲಾ ಮಕ್ಕಳು, ಶಿಕ್ಷಕರು, ಮಹಿಳೆಯರು ಸೇರಿ ಇಂಥ ಕೆಲಸ ಮಾಡಿ ತೋರಿಸಿದ್ದಾರೆ. ಸೊಳ್ಳೆಯ ಮರಿಗಳನ್ನು ತಿನ್ನುವ ಮೆಸೊಸೈಕ್ಲೊಪ್ಸ್ ಎಂಬ ಪುಟ್ಟ ಜಲಜೀವಿಯನ್ನು ಮನೆಮನೆಯ ನೀರಿನ ತೊಟ್ಟಿಗಳಿಗೆ ಬಿಟ್ಟು, ಬಿಸಾಡಿದ ಪಾತ್ರೆಗಳನ್ನು ಆಯ್ದು ತೆಗೆದು, ಹಲವು ಹಳ್ಳಿಗಳಿಂದ ಈಡಿಸ್ ಸೊಳ್ಳೆಯನ್ನೇ ಇಲ್ಲವಾಗಿಸಿದರು. ಲಸಿಕೆಗಾಗಿಯೂ ಪ್ರಯತ್ನ ನಡೆದಿದೆ. 2024ರ ಆಗಸ್ಟಿನಲ್ಲಿ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯ ಮೂರನೆಯ ಹಂತದ ಪರೀಕ್ಷೆ ಆರಂಭವಾಯಿತು. ಆದರೆ ಎಂಥ ಲಸಿಕೆ ಬಂದರೂ ಒರಳುಕಲ್ಲಿನ ನೀರನ್ನು ಅದು ಚೆಲ್ಲುವುದಿಲ್ಲ. ಚಿಕುನ್‌ಗುನ್ಯ ಹರಡುವುದೂ ಇದೇ ಸೊಳ್ಳೆ.

ರಾಸ್‌ಗೆ ತೊಟ್ಟಿ ಬೋರಲು ಹಾಕಲು ಯಾವ ಸೂಕ್ಷ್ಮದರ್ಶಕವೂ ಬೇಕಾಗಿರಲಿಲ್ಲ. ಕಿಟಕಿಯಿಂದಾಚೆ ಇಣುಕಿ ನೋಡಿದ, ಎರಡು ಕೈ ಹಚ್ಚಿದ, ಅಷ್ಟೇ. ಪರೀಕ್ಷೆಯಲ್ಲಿ ಸೊಳ್ಳೆಯ ಜೀವನಚಕ್ರಕ್ಕೆ ಪೂರ್ತಿ ಅಂಕ ತಂದ ಮಗಳು, ಈ ಶುಕ್ರವಾರ ಬ್ಯಾಟರಿ ಹಿಡಿದು ಹಿತ್ತಿಲಿಗೆ ಹೊರಟರೆ ಅಪ್ಪ ಅಮ್ಮ ಅವಳ ಹಿಂದೆ ನಾರು ಹಿಡಿದು ಹೋಗಲಿ.